ಗೆರೆ ಡಾಕ್ಟರು
ಕಿವುಡರ ಕಿವಿಯೊಳಗೆ ಯಂತ್ರ ಕೂರಿಸಿ, ಮಿದುಳಿಗೆ ಸದ್ದು ಮುಟ್ಟಿತೇ ಎಂದು ಪರೀಕ್ಷಿಸುವ ಈ ಮಹಾಶಯರನ್ನು ನಾವು ಕರೆಯುವುದು ಗೆರೆ ಡಾಕ್ಟರೆಂದೇ. ತಲೆಗೆ ತಂತಿ ಅಂಟಿಸಿದ್ದೇ ತಡ, ರೋಗಿಗೆ ಬೆನ್ನು ಹಾಕಿ ಪರದೆಯ ಮೇಲೆ ಓಡುವ ಮಿದುಳಿನ ಗೆರೆಗಳಿಗೆ ಮುಖ ಕೊಟ್ಟು ಕೂರುತ್ತಾರೆ. ತುಟಿ ನೋಡಿ ಮಾತು ಹಿಡಿಯುವವರಿಗೆ ಬೆನ್ನು ತೋರಿಸಿ ಪ್ರಶ್ನೆ ಕೇಳುವ ಜಾಣರು ಜಗತ್ತಿನಲ್ಲಿ ಇವರೊಬ್ಬರೇ! "ಎಲ್ಲರ ಮಾತೂ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಹಾಗಿದೆ" ಎಂದು ನನ್ನ ಸೋದರತ್ತೆ ಗೋಳಾಡಿದರೆ, "ಕೇಳ್ತಿದೆ ಕಣಮ್ಮ, ಗೆರೆ ಸುಳ್ಳು ಹೇಳಲ್ಲ" ಎಂದು ಪರದೆಗೇ ಉತ್ತರ. ನನಗೆ ಮೈಯೆಲ್ಲ ಉರಿಯುತ್ತದೆ. ನಿನ್ನೆ "ಈಗ ಮಾತು ತಿಳೀತಾ?" ಎಂದರು. ಅತ್ತೆ "ಹೂಂ, ತಿಳೀತು" ಎಂದರು. ಡಾಕ್ಟರಿಗೆ ಕಣ್ಣೀರೇ ಬಂತು. ಅದನ್ನೂ ಪರದೆಗೇ ತೋರಿಸಿದರು. ಹೊರಗೆ ಬಂದ ಮೇಲೆ ಅತ್ತೆ ನನಗೆ ಹೇಳಿದರು: "ಪಾಪ, ಅಷ್ಟು ಕಷ್ಟಪಡ್ತಾರೆ. ಪರದೆ ಪಕ್ಕದ ಬೀರುವಿನ ಗಾಜಲ್ಲಿ ಅವರ ತುಟಿ ಕಾಣಿಸ್ತಿತ್ತು."