ಎವೆಯಿಕ್ಕದ ಹುಡುಗ

ಓಲ್ಡಮ್ ಊರಿನ ನೆವಿಲ್ ಆಗ್ಡನ್ ತನ್ನ ಆಯುಷ್ಯವೆಲ್ಲ ಜಮಖಾನೆ ಮಾರಿದ ಮನುಷ್ಯ. ಆದರೆ ಏನು ಕೆಲಸ ಎಂದು ಯಾರಾದರೂ ಕೇಳಲಿ, ಜಮಖಾನೆಯ ಮಾತೇ ಬಾಯಿಗೆ ಬಾರದು. ಚಿಕ್ಕಂದಿನಲ್ಲಿ ಟೀವಿಯಲ್ಲಿದ್ದೆ ಎಂದೇ ಶುರು. ಕಪ್ಪುಬಿಳುಪಿನ ಕಾಲದಲ್ಲಿ ಶನಿವಾರ ಸಂಜೆ ಬರುತ್ತಿದ್ದ ‘ಹಸಿರು ಚಂದ್ರ’ ಎಂಬ ಧಾರಾವಾಹಿಯ ಅನ್ಯಲೋಕದ ಹುಡುಗ ತಾನೇ ಎನ್ನುತ್ತಿದ್ದ. ಪೂರ್ತಿ ಸುಳ್ಳಲ್ಲ, ಅರ್ಧ ಸುಳ್ಳು. ಆ ಒಬ್ಬ ಹುಡುಗ ನಿಜದಲ್ಲಿ ಇಬ್ಬರು.

ಮಕ್ಕಳನ್ನು ದಿನವಿಡೀ ದುಡಿಸಲು ಕಾನೂನು ಬಿಡುತ್ತಿರಲಿಲ್ಲ. ಅದಕ್ಕೇ ಸ್ಟುಡಿಯೋದವರು ಅವಳಿಗಳನ್ನು ಹುಡುಕಿ ತಂದು, ಬೆಳಿಗ್ಗೆ ನೆವಿಲ್‌ಗೆ, ಮಧ್ಯಾಹ್ನ ತಮ್ಮ ಡೆರಿಕ್‌ಗೆ ಅದೇ ಬೆಳ್ಳಿ ಅಂಗಿ ತೊಡಿಸಿ ನಿಲ್ಲಿಸುತ್ತಿದ್ದರು. ಗುಟ್ಟು ಹೊರಬೀಳಬಾರದೆಂದು ಪರದೆಯ ಮೇಲೆ ಒಂದೇ ಹೆಸರು ಹಾಕಿದರು. ಯಾರ ಹೆಸರು ಎಂದಾಗ ಅವರಮ್ಮ ಎಲ್ಸಿ, ಮೊದಲು ಹುಟ್ಟಿದವನದೇ ಇರಲಿ ಬಿಡಿ ಎಂದಳು. ಡೆರಿಕ್ ಆಗಲಿ ಎಂದು ತಲೆಯಾಡಿಸಿ ಆಡಲು ಹೋದ. ಅವನು ಹುಟ್ಟಿದ್ದೇ ಹಾಗೆ.

ಇವತ್ತಿಗೂ ಜನ ನೆನೆಯುವುದು ಒಂದೇ ದೃಶ್ಯವನ್ನು. ಬಂದೂಕು ಹಿಡಿದ ಸೈನಿಕರ ಎದುರು ಹುಡುಗ ಎವೆಯಿಕ್ಕದೆ ನಿಲ್ಲುತ್ತಾನೆ, ಆ ನೋಟ ತಾಳಲಾರದೆ ಅವರು ಒಬ್ಬೊಬ್ಬರಾಗಿ ಬಂದೂಕು ಇಳಿಸುತ್ತಾರೆ. ಅದನ್ನು ಮಾಡಬೇಕಾಗಿದ್ದವನು ನೆವಿಲ್. ದೀಪದ ಝಳಕ್ಕೆ ಅವನ ಕಣ್ಣು ಪಟಪಟ ಬಡಿದುಕೊಂಡವು. ಮತ್ತೆ ಮತ್ತೆ ತೆಗೆದರು, ಮತ್ತೆ ಮತ್ತೆ ಕೆಟ್ಟಿತು. ಕೊನೆಗೆ ನಿರ್ದೇಶಕ ತಲೆ ಚಚ್ಚಿಕೊಂಡು ಇನ್ನೊಬ್ಬನನ್ನು ಕರೆಸಿದ. ಡೆರಿಕ್ ಬಂದ, ಕಂಬದ ಹಾಗೆ ನಿಂತ, ಒಂದೇ ಸಲಕ್ಕೆ ಮುಗಿಸಿ ಬಿಸ್ಕತ್ತು ತಿನ್ನಲು ಹೋದ. ಮೂಲೆಯಲ್ಲಿ ಕೂತು ಅಳುತ್ತಿದ್ದ ನೆವಿಲ್ ಮಾತ್ರ ಅದನ್ನು ಮರೆಯಲಿಲ್ಲ.

ಈಗ ಇಬ್ಬರಿಗೂ ಅರವತ್ತು ದಾಟಿದೆ. ಬಸ್ಸು ಓಡಿಸಿ ನಿವೃತ್ತನಾದ ಡೆರಿಕ್‌ನ ತಲೆ ಬೋಳು, ಹೊಟ್ಟೆ ಮುಂದೆ. ನೆವಿಲ್ ಕೂದಲಿಗೆ ಬಣ್ಣ ಹಚ್ಚಿ ತೆಳ್ಳಗೆ ಉಳಿದಿದ್ದಾನೆ. ಅವಳಿಗಳೆಂದು ಆಣೆ ಇಟ್ಟು ಹೇಳಿದರೂ ಯಾರೂ ನಂಬರು. ಸ್ಟಾಕ್‌ಪೋರ್ಟ್‌ನ ಚರ್ಚಿನ ಸಭಾಂಗಣದಲ್ಲಿ ಹಳೆಯ ಧಾರಾವಾಹಿಗಳ ಅಭಿಮಾನಿಗಳು ಸೇರುತ್ತಾರೆ, ಬನ್ನಿ ಎಂದು ನೆವಿಲ್‌ಗೆ ಕರೆ ಬಂತು. ಕಾರು ಓಡಿಸಲು ಡೆರಿಕ್ ಬೇಕಾದ. ದಾರಿಯಲ್ಲಿ ನೆವಿಲ್ ಕಿಟಕಿಯತ್ತ ಮುಖ ಮಾಡಿಕೊಂಡು ಹೇಳಿದ: “ಅಲ್ಲಿ ಯಾರಾದ್ರೂ ಕೇಳಿದ್ರೆ, ಡ್ರೈವರ್ ಅಂದುಬಿಡೋ. ಸುಮ್ನೆ ಗೊಂದಲ ಯಾಕೆ?”

“ಬಸ್ ಡ್ರೈವರ್ ಅಂತಾನೇ ಹೇಳ್ತೀನಿ ಬಿಡೋ ಮಾರಾಯ,” ಎಂದು ಡೆರಿಕ್ ನಕ್ಕ.

ಆ ನಗು ನೆವಿಲ್‌ಗೆ ಚುಚ್ಚಿತು. ಛೇ, ಒಡಹುಟ್ಟಿದವನಿಗೆ ಹೇಳುವ ಮಾತೇ ಅದು ಎಂದು ನಾಚಿಕೆಯಾಯಿತು. ಆದರೂ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಸಭಾಂಗಣದಲ್ಲಿ ಸಾಲು ಉದ್ದವಿತ್ತು. ನೆವಿಲ್ ಎವೆಯಿಕ್ಕದ ಆ ದೃಶ್ಯದ ಫೋಟೋಗಳಿಗೆ ಸಹಿ ಹಾಕಿದ. ಆ ಫೋಟೋದಲ್ಲಿದ್ದ ಮುಖ ಯಾರದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಡೆರಿಕ್ ಹಿಂದೆ ನಿಂತು ಚಹಾ ತಂದುಕೊಡುತ್ತಿದ್ದ. ಅಷ್ಟರಲ್ಲಿ ಗ್ವೆನ್ ಎಂಬ ಹೆಂಗಸು ಬಂದಳು. ಚಿಕ್ಕಂದಿನಲ್ಲಿ ಅವಳಪ್ಪ ಕುಡಿದು ಬಂದು ಬೆಲ್ಟು ಬಿಚ್ಚುತ್ತಿದ್ದನಂತೆ. ಆ ದೃಶ್ಯ ನೋಡಿದ ಮೇಲೆ ಒಂದು ದಿನ ಅವಳೂ ಅವನೆದುರು ಹಾಗೇ ಎವೆಯಿಕ್ಕದೆ ನಿಂತಳಂತೆ. ಅಪ್ಪ ಬೆಲ್ಟು ಕೆಳಗಿಟ್ಟನಂತೆ.

“ನಿಮಗೆ ಥ್ಯಾಂಕ್ಸ್ ಹೇಳ್ಬೇಕು ಅಂತ ಇಷ್ಟು ವರ್ಷ ಕಾದಿದ್ದೆ,” ಎಂದಳು. “ಒಂದೇ ಒಂದ್ಸಲ ಹಾಗೆ ನೋಡ್ತೀರಾ?”

ನೆವಿಲ್ ನೋಡಿದ. ಕಣ್ಣು ಆಗಲೇ ಪಟಪಟ ಎಂದವು, ನೀರು ಸುರಿಯಿತು. ವಯಸ್ಸಾಯ್ತಲ್ಲ ಎಂದು ಸಾಲಿನವರು ಅಕ್ಕರೆಯಿಂದ ನಕ್ಕರು. ಹಿಂದಿನಿಂದ ಡೆರಿಕ್, ಇವರಿಗೆ ಮೊನ್ನೆ ತಾನೇ ಕಣ್ಣಿನ ಆಪರೇಷನ್ ಆಗಿದೆ ಎಂದು ಸುಳ್ಳು ಹೇಳಿ ಅಣ್ಣನ ಮಾನ ಉಳಿಸಿದ. ಮಾನ ಉಳಿಯಿತು, ಆದರೆ ಅದನ್ನು ಹೊತ್ತು ಕೂರುವುದು ನೆವಿಲ್‌ಗೆ ಸಾಕಾಯಿತು. ಬೇರೆಯವರು ಹೊಗಳಿದ್ದನ್ನೆಲ್ಲ ನುಂಗಿದ್ದ. ಏಟು ತಿಂದ ಈ ಮಗುವಿನ ಕೃತಜ್ಞತೆ ಗಂಟಲಲ್ಲಿ ಇಳಿಯಲೊಲ್ಲದು.

“ಅದು ನಾನಲ್ಲ ಕಣಮ್ಮ,” ಎಂದ. “ಇವನು. ಇವನು ನನ್ನ ತಮ್ಮ, ನಾವು ಅವಳಿಗಳು. ನನ್ನ ಕೈಲಿ ಆಗಲಿಲ್ಲ, ಇವನು ಮಾಡಿದ. ಇವನಿಗೆ ಬರಬೇಕಾದ ಹೆಸರನ್ನ ನಾನು ತಿಂದ್ಕೊಂಡು ಬದುಕಿದೆ.”

ಸಾಲಿನವರು ಕತ್ತು ಚಾಚಿದರು. ಗ್ವೆನ್ ಬಣ್ಣದ ಕೂದಲನ್ನೂ ಬೋಳು ತಲೆಯನ್ನೂ ಬದಲಿಸಿ ಬದಲಿಸಿ ನೋಡಿದಳು. ಅವಳ ಮುಖ ಬಾಡುತ್ತಿರುವುದು ನೆವಿಲ್‌ಗೂ ಕಂಡಿತು, ಡೆರಿಕ್‌ಗೂ ಕಂಡಿತು. ಡೆರಿಕ್ ಚಹಾದ ಲೋಟವನ್ನು ಮೇಜಿನ ಮೇಲಿಟ್ಟ.

“ಇವರ ತಮಾಷೆ ಇದ್ದದ್ದೇ, ತಾಯಿ,” ಎಂದ. “ದೊಡ್ಡ ಮನಸ್ಸು, ಹೊಗಳಿದ್ರೆ ಅದನ್ನೂ ಯಾರಿಗಾದ್ರೂ ದಾನ ಮಾಡಿಬಿಡ್ತಾರೆ. ನಾನು ಕಾರು ಓಡಿಸೋನು ಅಷ್ಟೇ.”

ಜನ ಹೋ ಎಂದು ನಕ್ಕು ಚಪ್ಪಾಳೆ ತಟ್ಟಿದರು. ಗ್ವೆನ್ ನಿರಾಳಳಾಗಿ ನೆವಿಲ್‌ನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಅವನು ತಮ್ಮನತ್ತ ತಿರುಗಿದ. ಡೆರಿಕ್ ಅವನನ್ನೇ ನೋಡುತ್ತಿದ್ದ, ಎವೆಯಿಕ್ಕದೆ. ಆ ಬೋಳು ತಲೆಯ ಕೆಳಗೆ ಅದೇ ಹುಡುಗ ನಿಂತಿದ್ದ, ಯಾರ ಕಣ್ಣಿಗೂ ಬೀಳದೆ. ನೆವಿಲ್ ತಲೆ ತಗ್ಗಿಸಿ, ಗ್ವೆನ್ ಮುಂದಿಟ್ಟ ಫೋಟೋದ ಮೇಲೆ ತನ್ನ ಹೆಸರು ಬರೆದ.