ಒದ್ದೆ ಕಾಗದಕ್ಕೆ ಹತ್ತದ ಹೆಸರು

ಕಲ್ಲಿನ ಬರಹ ಓದಲು ಬಾರದವರು ಅದರ ಬಗ್ಗೆ ಬರೆಯಹೊರಡುವುದು ಅಧಿಕಪ್ರಸಂಗವೇ ಸರಿ. ತಿಳಿದವರು ಕ್ಷಮಿಸಬೇಕು, ತಪ್ಪು ಕಂಡರೆ ತಿದ್ದಬೇಕು. ಇಲ್ಲಿರುವುದು ಉಮ್ ಸತ್ತಾಮ್ ಹೇಳಿದ್ದು ಮತ್ತು ಅವರ ಪಕ್ಕದಲ್ಲಿ ನಿಂತಾಗ ಕಂಡದ್ದು, ಅಷ್ಟೇ.

ಅರಬ್ ನಾಡಿನ ಮಆನ್ ಪೇಟೆಯಿಂದ ಪೂರ್ವಕ್ಕೆ, ಹಳೆಯ ಹಜ್ ದಾರಿಯ ಬದಿ. ಬೆಳಗಿನ ನಮಾಜು ಮುಗಿದು ಆಗಷ್ಟೇ ಬಿಸಿಲು ಮೂಡಿದೆ. ಅಬು ಹಾಯಿಲ್ ಅವರ ಮೇಕೆದೊಡ್ಡಿಯಲ್ಲಿ ಉಮ್ ಸತ್ತಾಮ್ ಮೊಣಕಾಲೂರಿ ಕೂತು, ಹಿಟ್ಟಿನ ಜರಡಿಯಲ್ಲಿ ಮಣ್ಣು ಸೋಸಿ ಕಲ್ಲಿನ ಚೂರುಗಳನ್ನು ಆರಿಸುತ್ತಿದ್ದಾರೆ. ಒಂದೊಂದನ್ನೇ ಎತ್ತಿ ಸೂರ್ಯನಿಗೆ ಓರೆಯಾಗಿ ಹಿಡಿಯುತ್ತಾರೆ. ಬಿಸಿಲು ಅಡ್ಡ ಬಿದ್ದಾಗ ಮಾತ್ರ ಸವೆದ ಗೀರಿನೊಳಗೆ ನೆರಳು ನಿಲ್ಲುತ್ತದೆ. ಹೊತ್ತೇರಿದರೆ ಎಲ್ಲ ಕಲ್ಲೂ ಒಂದೇ.

"ಏನಾದ್ರೂ ಸಿಕ್ತೇನಮ್ಮಾ?" ಗೋಡೆಯಾಚೆಯಿಂದ ದೊಡ್ಡಿಯ ಯಜಮಾನರ ಕೂಗು.

"ಮೇಕೆ ಹಿಕ್ಕೆ ಸಿಕ್ತು ಅಬು ಹಾಯಿಲ್. ಬೇಕಾ?"

"ಅದರ ಮೇಲೇನಾದ್ರೂ ಬರೆದಿದ್ಯಾ ನೋಡು. ಇದ್ರೆ ನಿಮ್ಮ ಯೂನಿವರ್ಸಿಟಿಯೋರಿಗೆ ಕಳ್ಸು!"

ಉಮ್ ಸತ್ತಾಮ್ ಎಂದರೆ ಸತ್ತಾಮನ ತಾಯಿ; ಅವರ ಸ್ವಂತ ಹೆಸರು ತರ್ಫಾ. ವಯಸ್ಸು ಐವತ್ತು ದಾಟಿದೆ. ಶಾಸನ ಹುಡುಕಲು ಬಂದ ತಂಡವೊಂದಕ್ಕೆ ಅಡುಗೆ ಮಾಡಲು ಸೇರಿದವರು, ಈಗ ಅದೇ ತಂಡಕ್ಕೆ ಕಾಗದದ ಅಚ್ಚು ತೆಗೆದುಕೊಡುತ್ತಾರೆ. ದಪ್ಪ ಕಾಗದವನ್ನು ನೀರಿನಲ್ಲಿ ನೆನೆಸಿ ಕಲ್ಲಿನ ಮೇಲೆ ಹಾಸಬೇಕು. ಗಡುಸು ಬ್ರಷ್ಷಿನಿಂದ ಬಡಿದು ಬಡಿದು ಅಕ್ಷರದ ಗೀರಿನೊಳಗೆ ಇಳಿಸಬೇಕು. ಒಣಗಿದ ಮೇಲೆ ಎಬ್ಬಿಸಿದರೆ ಕಾಗದದ ಬೆನ್ನಿನಲ್ಲಿ ಇಡೀ ಬರಹ ಉಬ್ಬಿ ನಿಂತಿರುತ್ತದೆ.

"ರೊಟ್ಟಿ ಮಾಡೋ ಕೈಗೆ ಇದೇನು ಹೊಸದಲ್ಲ," ಎನ್ನುತ್ತಾರೆ. "ಹಿಟ್ಟನ್ನ ತೆಳ್ಳಗೆ ಎಳೆದು ಬಾಣಲೆ ಬೆನ್ನಿಗೆ ಹಾಕಲ್ವಾ? ಅಡಿಯಲ್ಲಿ ಗಾಳಿ ಉಳಿದ್ರೆ ಉಬ್ಬತ್ತೆ. ಇದೂ ಹಾಗೇ. ಉಬ್ಬಿದ ಕಡೆ ಅಕ್ಷರ ಬರಲ್ಲ."

ಚಳಿಗಾಲದಲ್ಲಿ ಒದ್ದೆ ಕಾಗದ ಹಿಡಿದು ಬೆರಳು ಬಿರಿಯುತ್ತವೆ. ಮೊಣಕಾಲು ನೋವಿಗೆ ಆಲಿವ್ ಎಣ್ಣೆ ಉಜ್ಜಿಕೊಳ್ಳುತ್ತಾರೆ. ತಂಡ ಬಾರದ ತಿಂಗಳುಗಳಲ್ಲಿ ಕೆಲಸವಿಲ್ಲ. ಚುಕ್ಕೆಗಳಿಲ್ಲದ ಆ ಹಳೆಯ ಅರಬ್ಬಿ ಲಿಪಿ ಅವರಿಗೆ ಓದಲು ಬರುವುದಿಲ್ಲ. "ಆಮೀನ್" ಎಂಬ ಒಂದು ಮಾತು ಮಾತ್ರ ಕಣ್ಣಿಗೆ ರೂಢಿಯಾಗಿದೆ. ಅದು ಕಂಡಲ್ಲೆಲ್ಲ ಅವರೂ ಒಮ್ಮೆ "ಆಮೀನ್" ಅನ್ನುತ್ತಾರೆ.

ಈ ಕಡೆ ಬರಹವಿರುವ ಕಲ್ಲೆಂದರೆ ಚಿನ್ನದ ಗುರುತು. ಮೊದಲ ಮಹಾಯುದ್ಧದಲ್ಲಿ ಸೋತ ತುರ್ಕಿಯವರು ರೈಲು ಹತ್ತಿ ಓಡುವಾಗ ಹೂತಿಟ್ಟು ಹೋದರಂತೆ. ಅಬು ಹಾಯಿಲ್ ದೊಡ್ಡಿಯ ಪಕ್ಕದಲ್ಲೂ ಮೇಕೆಗಳು ಮೈ ಉಜ್ಜಿ ನುಣುಪು ಮಾಡಿದ, ಬರಹವಿರುವ ಮರಳುಗಲ್ಲಿನ ಬಂಡೆಯೊಂದಿತ್ತು. ಅವರ ಅಣ್ಣನ ಮಕ್ಕಳಿಗೆ ಬಹಳ ದಿನದಿಂದ ಅದರ ಮೇಲೆ ಕಣ್ಣು. ವಿಷಯ ಕಿವಿಗೆ ಬಿದ್ದದ್ದೇ ಉಮ್ ಸತ್ತಾಮ್ ಕಾಗದ, ಬಕೆಟ್ಟು ಹೊತ್ತು ಬಂದರು. ಅಬು ಹಾಯಿಲ್ ಒಪ್ಪಿದರು.

"ಚಿನ್ನದ ದಾರಿ ಬರೆದಿದ್ರೆ ಮೊದಲು ನಂಗೆ ಹೇಳ್ಬೇಕು, ಆಯ್ತಾ?"

ಕಾಗದ ಬಡಿದು ಮುಗಿದಿತ್ತು. ಅಂಚಿಗೆ ಕಲ್ಲು ಹೇರುವುದಷ್ಟೇ ಬಾಕಿ. ಅಷ್ಟರಲ್ಲಿ ಗುಡಾರದಿಂದ ಕಾಫಿಗೆ ಕರೆ ಬಂತು. ಬರುವುದಿಲ್ಲ ಎಂದರೆ ಮನೆಯವರಿಗೆ ಅವಮಾನ. ಕೊಟ್ಟ ಒಪ್ಪಿಗೆಯೂ ಹೋಗುತ್ತದೆ. ಹೋದರು. ಒಂದು ಬಟ್ಟಲು ಕುಡಿದು, ಸಾಕೆಂದು ಬಟ್ಟಲು ಅಲ್ಲಾಡಿಸಿದರು. ಮಾತಿನ ಭರದಲ್ಲಿದ್ದ ಅಬು ಹಾಯಿಲ್ ನೋಡಲೇ ಇಲ್ಲ, ಇನ್ನೊಂದು ಬಗ್ಗಿಸಿದರು. ಹೊರಗೆ ಗಾಳಿ ಎದ್ದಿತ್ತು. ಬಂದು ನೋಡಿದರೆ ಮೊದಲ ಸಾಲಿನ ಕೊನೆ, ಬಲದಿಂದ ಎಡಕ್ಕೆ ಸಾಗುವ ಆ ಲಿಪಿಯಲ್ಲಿ ಎಡಗಡೆಯ ಮೇಲಿನ ಮೂಲೆ, ಮೇಲೆದ್ದು ಒಣಗಿಹೋಗಿದೆ. ತಂದದ್ದು ಅದೊಂದೇ ಕಾಗದ. ನಾಳೆ ಇನ್ನೊಂದು ಅಚ್ಚು ತೆಗೆದರಾಯಿತು ಅಂದುಕೊಂಡರು.

ಮರುದಿನ ಬಂಡೆ ಇರಲಿಲ್ಲ. ಆ ಅಣ್ಣನ ಮಕ್ಕಳು ಸುತ್ತಿಗೆಯಿಂದ ಒಡೆದು, ಅಡಿಯಲ್ಲಿ ಮಣ್ಣು ಬಿಟ್ಟರೆ ಏನೂ ಸಿಗದೆ, ಚೂರುಗಳನ್ನು ದೊಡ್ಡಿಯ ಕೆಸರಿಗೆ ಹರಡಿದ್ದರು.

ಉಳಿದ ಅಚ್ಚನ್ನು ತಂಡದಲ್ಲಿ ಶಾಸನ ಓದುವ ಲಮೀಸ್ ಓದಿ ಹೇಳಿದರು: "ದೇವರೇ, ಹುಮೈದನನ್ನು ಕ್ಷಮಿಸು. ಇದನ್ನು ಓದಿ ಆಮೀನ್ ಎಂದವರನ್ನೂ ಕ್ಷಮಿಸು." ಅಕ್ಷರದ ರೂಪ ನೋಡಿದರೆ ಇಸ್ಲಾಮಿನ ಮೊದಲ ನೂರು ವರ್ಷದೊಳಗಿನದು. ಹುಮೈದನ ಹೆಸರಿನ ಬಳಿಕ ತಂದೆಯ ಹೆಸರಿದೆ. "ಅಬ್ದ್" ಎಂಬಲ್ಲಿಗೆ ಅದು ನಿಂತಿದೆ. ಅಬ್ದ್ ಎಂದರೆ ದಾಸ. ಯಾರ ದಾಸ ಎಂಬುದು ಎದ್ದುಹೋದ ಮೂಲೆಯಲ್ಲಿತ್ತು.

"ಅಲ್ಲಾಹನ ದಾಸ ಅಂತಿದ್ರೆ ಒಂದು ಥರ," ಎನ್ನುತ್ತಾರೆ ಲಮೀಸ್. "ಇಸ್ಲಾಮಿಗೂ ಹಿಂದಿನ ಹಳೇ ದೇವರ ಹೆಸರೋ, ಕ್ರೈಸ್ತರ ಮಸೀಹನ ಹೆಸರೋ ಇದ್ರೆ ಬೇರೆ ಥರ, ಅಪ್ಪ ಬೇರೆ ಧರ್ಮದಲ್ಲಿ ಹುಟ್ಟಿದೋನು ಅಂತ. ಅಪ್ಪನ ಕಾಲ, ಮಗನ ಕಾಲ ಎರಡೂ ಒಂದೇ ಸಾಲಲ್ಲಿ. ಆ ಕಾಲದ ಬಗ್ಗೆ ನಾವು ಓದೋ ಪುಸ್ತಕಗಳು ಬಹುಪಾಲು ಎಷ್ಟೋ ತಲೆಮಾರು ಕಳೆದ್ಮೇಲೆ ಬರೆದದ್ದು. ಇದು ಅಂದೇ, ಅವನೇ ಕೆತ್ತಿದ್ದು." ಫೋನಿನಲ್ಲಿ ತೆಗೆದ ಬಂಡೆಯ ಚಿತ್ರವೂ ಇದೆ. ನಡುಹಗಲಲ್ಲಿ ತೆಗೆದದ್ದು, ಆ ಮೂಲೆ ಬರೀ ನುಣುಪಾಗಿ ಕಾಣುತ್ತದೆ.

ಓದಿದ್ದು ಕೇಳಿ ಅಬು ಹಾಯಿಲ್ ಮೊದಲು ನಂಬಲಿಲ್ಲ.

"ಇಷ್ಟೇನಾ? ಕ್ಷಮಿಸು ಅನ್ನಕ್ಕೆ ಇಷ್ಟು ದೊಡ್ಡ ಕಲ್ಲು ಕೆತ್ತಿದ್ನಾ?"

"ಚಿನ್ನ ಬರೆದಿಟ್ಟು ಹೋಗಕ್ಕೆ ಅವನೇನು ನಿಮ್ಮ ಮಾವನಾ?" ಅಂದರು ಉಮ್ ಸತ್ತಾಮ್.

ಮುದುಕರು ಎದ್ದು, ಚೂರು ಹುಡುಕಲೆಂದು ಒಳಗಿನಿಂದ ಹೆಂಡತಿಯ ಜರಡಿ ತಂದುಕೊಟ್ಟರು. ಅಂದಿನಿಂದ ವಾರಕ್ಕೆ ಮೂರು ಬೆಳಗು ಹುಡುಕಾಟ ನಡೆದಿದೆ. ಇದು ಉಮ್ ಸತ್ತಾಮ್ ಅವರಿಗೆ ಯಾರೂ ವಹಿಸಿದ ಕೆಲಸವಲ್ಲ. ಇದುವರೆಗೆ ಅಕ್ಷರವಿರುವ ಹನ್ನೊಂದು ಚೂರು ಸಿಕ್ಕಿವೆ. ಎಲ್ಲವೂ ಕಾಗದಕ್ಕೆ ಆಗಲೇ ಬಂದ ಅಕ್ಷರಗಳೇ.

ಇವತ್ತಿನ ಜರಡಿಯೂ ಬರಿದು. ಬಿಸಿಲು ಏರುತ್ತಿದೆ. ಕಾಫಿಯ ಹಿತ್ತಾಳೆ ಪಾತ್ರೆ ಹಿಡಿದು ಬಂದ ಅಬು ಹಾಯಿಲ್ ದೊಡ್ಡಿಯ ಬಾಗಿಲಲ್ಲೇ ನಿಲ್ಲುತ್ತಾರೆ, ಬಗ್ಗಿಸುವುದಿಲ್ಲ.

"ಮೊದಲು ಕೈಲಿರೋದು ಮುಗಿಸಮ್ಮಾ. ಕಾಫಿ ಎಲ್ಲಿಗೂ ಹೋಗಲ್ಲ."

ಉಮ್ ಸತ್ತಾಮ್ ಕೊನೆಯ ಚೂರನ್ನು ಓರೆಯಾಗಿ ಹಿಡಿದು ನೋಡಿ ಪಕ್ಕಕ್ಕಿಡುತ್ತಾರೆ. "ನಂಗೆ ದೊಡ್ಡ ಆಸೆಯೇನಿಲ್ಲ. ಆ ಚೂರೊಂದು ಸಿಕ್ರೆ ಸಾಕು. ಅಪ್ಪನ ಹೆಸರು ಅರ್ಧ ಹೇಳಿ ನಿಂತಿದಾನೆ, ಪಾಪ. ಅವನು ಕೇಳಿದ್ದು ಒಂದು ಆಮೀನು. ಅದನ್ನಂತೂ ಬಂದಾಗೆಲ್ಲ ಹೇಳ್ತೀನಿ."

"ನಾನೂ ಹೇಳಿದೀನಿ," ಎನ್ನುತ್ತಾರೆ ಅಬು ಹಾಯಿಲ್, ಬಟ್ಟಲು ತುಂಬುತ್ತಾ.

ಹುಮೈದನ ತಂದೆ ಯಾರ ದಾಸನಾಗಿದ್ದನೆಂದು ಇದನ್ನು ಬರೆಯುವ ಹೊತ್ತಿಗೂ ತಿಳಿದಿಲ್ಲ. ಆ ಚೂರು ದೊಡ್ಡಿಯಲ್ಲಿ ಉಳಿದಿದೆಯೋ ಇಲ್ಲವೋ, ಅದೂ ಗೊತ್ತಿಲ್ಲ.