ಸುಲಭಾ ಬನ್ನಿ ಕೊಡಾಕ ಬಂದ್ಲು

ಹೊಸಾ ಸಾಲ್ಯಾಗ ಗೆಳತ್ಯಾರು ತಾವಾಗೇ ಆಗ್ತಾರ ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ. ಹೈಸ್ಕೂಲಿಗೆ ಬರೂ ಹುಡುಗ್ಯಾರು ತಮ್ಮ ತಮ್ಮ ಓಣಿಯಿಂದನ ಜೋಡಿ ಕಟಗೊಂಡು ಬಂದಿರ್ತಾರ. ಒಬ್ಬಾಕಿನ ಬಂದಾಕಿಗೆ ಮೂಲಿ ಬೆಂಚ ಗತಿ. ಶೇವಂತಿ ಅರವತ್ತೊಂದನೇ ಇಸವಿ ಜೂನ್ ತಿಂಗಳದಾಗ ಹುಬ್ಬಳ್ಳಿಯ ಹೆಣ್ಣುಮಕ್ಕಳ ಹೈಸ್ಕೂಲೊಂದಕ್ಕ ಎಂಟನೇ ಇಯತ್ತೆಗೆ ಸೇರಿದಾಗ ಹಿಂಗ ಆತು. ಒಂದು ತಿಂಗಳತನಾ ಅಕಿ ಬಾಯಿಂದ ಬಂದ ಮಾತಂದ್ರ, ಬಾಯಾರು ಹೆಸರು ಕರದಾಗ "ಹಾಜರ್ರಿ" ಅಂದದ್ದಷ್ಟ.

ಅಕಿ ಅಪ್ಪ ಯಮನಪ್ಪಗ ರೈಲ್ವೆ ವರ್ಕ್‌ಶಾಪಿನ್ಯಾಗ ಭಾರಾ ಎತ್ತೂ ಕೆಲಸ. ಒಂದ ಖೋಲಿ ಕ್ವಾರ್ಟರ್ಸ್ ಸಿಕ್ಕು ಇನ್ನೂ ವರ್ಷ ತುಂಬಿರಲಿಲ್ಲ. ಹಳ್ಳ್ಯಾಗ ಅವರ ಕೇರಿ ಇದ್ದದ್ದು ಊರ ಹೊರಗ. ಅಲ್ಲೆ ಶೇವಂತಿ ಸಾಲಿ ಬಾಗಲದ ಹೊರಗ ಕಟ್ಟಿ ಮ್ಯಾಲೆ ಕುಂತು ಅಕ್ಷರಾ ಕಲ್ತಾಕಿ. ಅವ್ವ ಯಂಕವ್ವ ಕುಲಕರ್ಣ್ಯಾರ ವಾಡೇದ ಹಿತ್ತಲಾ ಕಸಾ ಹೊಡದಾಕಿ. ಹುಬ್ಬಳ್ಳ್ಯಾಗ ಮಾತ್ರ ಶೇವಂತಿ ಎಲ್ಲಾರಂಗ ಬೆಂಚಿನ ಮ್ಯಾಲೆ ಕುಂತಿದ್ಲು. ಕುಂತರೂ ಬಾಜೂಕ ಯಾರೂ ಇರಲಿಲ್ಲ.

ಶ್ರಾವಣದ ಮಳ್ಯಾಗ ಒಂದಿನ ತಡಾ ಮಾಡಿ ಬಂದ ಸುಲಭಾಗ ಎಲ್ಲೂ ಜಾಗಾ ಸಿಗಲಿಲ್ಲ. ಬಂದು ಶೇವಂತಿ ಬಾಜೂಕ ಕುಂತ್ಲು. ವಕೀಲರ ಮಗಳು, ಅರಳು ಹುರದಂಗ ಮಾತಾಡಾಕಿ. ಒದ್ದಿ ಪರಕಾರ ಹಿಂಡಿಕೋತನ ಶುರು ಮಾಡಿದ್ಲು.

"ನಿಮ್ಮ ಮನಿ ಎಲ್ಲೆ ಬರ್ತದ?"

"ರೈಲ್ವೆ ಕ್ವಾರ್ಟರ್ಸ್‌ನ್ಯಾಗ."

"ಹಂಗಾರ ರೈಲ್ವೆಯವರು," ಅಂತ ಸುಲಭಾನ ಮುಗಿಸಿಬಿಟ್ಲು. ರೈಲ್ವೆಯವರು ಅಂದ್ರ ಮದ್ರಾಸಿನವರು, ಪುಣೇದವರು, ಬೆಜವಾಡದವರು, ಯಾರರ ಆಗಬಹುದು. ಶೇವಂತಿ ಹೂಂ ಅಂದ್ಲು. ಇದರಾಗ ಸುಳ್ಳೇನದ ಹೇಳ್ರಿ? ಕೇಳಿದ್ದಕ್ಕ ಹೂಂ ಅಂದದ್ದು ಖರೇ, ಕೇಳದ್ದನ್ನ ಹೇಳಬೇಕಂತ ಎಲ್ಲೆ ಅದ?

ಅವತ್ತಿನಿಂದ ಇಬ್ಬರೂ ಬಿಟ್ಟಿರದಂಗ ಆದ್ರು. ಸುಲಭಾನ ಡಬ್ಬಿ ಅವಲಕ್ಕಿ ಇಬ್ಬರಿಗೂ, ಶೇವಂತಿಯ ಶೇಂಗಾ ಚಟ್ನಿ ರೊಟ್ಟಿ ಇಬ್ಬರಿಗೂ. ಸಾಲಿ ನಳದಾಗ ಒಬ್ಬಾಕಿ ಬೊಗಸಿ ಹಿಡಿಯೂದು, ಇನ್ನೊಬ್ಬಾಕಿ ಅದ ಬೊಗಸಿಗೆ ಬಾಯಿ ಹಚ್ಚಿ ಕುಡಿಯೂದು. ಸಾಲಿ ಬಿಟ್ಟ ಮ್ಯಾಲೆ ಕಿರಿಬೆರಳಿಗೆ ಕಿರಿಬೆರಳು ಸಿಗಿಸಿಕೊಂಡು ನಡಿಯೂದು. ಹದಿಮೂರು ವರ್ಷದ ಹುಡುಗಿಗೆ ಇದಕ್ಕಿಂತ ದೊಡ್ಡದೇನು ಬೇಕು? ರಾತ್ರಿ ಹಾಸಿಗಿ ಮ್ಯಾಲೆ ಬಿದ್ದರ ಶೇವಂತಿಗೆ ಒಂದ ಅಂಜಿಕಿ. ಸುಲಭಾಗ ಗೊತ್ತಾದ್ರ?

ದಸರಾ ಸೂಟಿ ಕೊಡೂ ದಿನಾ ಸುಲಭಾ ಅಂದ್ಲು, "ಬನ್ನಿ ಕೊಡಾಕ ನಿಮ್ಮ ಮನಿಗೆ ಬರ್ತೇನಿ."

ಶೇವಂತಿ ಬ್ಯಾಡ ಅನ್ನಾಕ ಬಾಯಿ ತಗದಾಕಿ, "ಬಾ," ಅಂದ್ಲು. ಏನ ಮಾಡ್ತಾಳ, ಮನಸಿನ್ಯಾಗ ಆಸೇನ ಹೆಚ್ಚಿಗಿತ್ತು.

ಮನಿಗೆ ಬಂದಾಕಿನ ಅವ್ವಗ ಪಾಠಾ ಶುರು ಮಾಡಿದ್ಲು. ನೆಲಾ ಸಾರಸು, ಧಡಿ ಸೀರಿ ಉಟಗೊ, ತಲಿ ಹಿಕ್ಕೊ, ಚಹಾ ಮಾಡು, ಭಾಳ ಮಾತಾಡಬ್ಯಾಡ. ಯಂಕವ್ವ ಎಲ್ಲಾದಕ್ಕೂ ಹೂಂ ಅಂದ್ಲು. ಒಂದ ಮಾತು ಶೇವಂತಿ ಹೇಳಲಿಲ್ಲ. ಸುಲಭಾಗ ನಾವು ಯಾರಂತ ಗೊತ್ತಿಲ್ಲವ್ವ, ಗೊತ್ತಾಗಬಾರದು ಅನ್ನೂದನ್ನ ಹೆತ್ತ ತಾಯಿ ಮುಂದ ಹೆಂಗ ಹೇಳೂದು? ನಿನ್ನ ಮುಚ್ಚಿಡಾಕತ್ತೇನಿ ಅಂತ ಹೇಳಿದಂಗ ಆಗೂದಿಲ್ಲೇನು?

ದಸರಾ ದಿನಾ ಸಂಜಿಮುಂದ ಯಂಕವ್ವ ನೆಲಾ ಸಾರಿಸಿ, ಧಡಿ ಸೀರಿ ಉಟ್ಟು ತಯಾರಾದ್ಲು. ಒಲಿ ಮಾತ್ರ ಆರಿತ್ತು. ತಾಟಿನ್ಯಾಗ ಬಾಳೆಹಣ್ಣು ಇದ್ದವು.

"ಯವ್ವಾ, ಚಹಾ ಮಾಡಂದಿದ್ದೆ."

"ವಕೀಲರ ಮಗಳು ನಮ್ಮ ಚಹಾ ಕುಡೀತಾಳೇನ, ಹುಚ್ಚಿ? ಸಿಪ್ಪಿ ಇರೂ ಹಣ್ಣಾದ್ರ ನಡೀತೈತಿ."

ಶೇವಂತಿ ಅವ್ವಗ ಈಗರ ಎಲ್ಲಾ ಹೇಳಬೇಕು ಅನ್ನೂದ್ರಾಗ, ಸುಲಭಾ ಬಾಗಲದಾಗ ನಿಂತಿದ್ಲು. ಹೊಸಾ ಪರಕಾರ, ಕೈತುಂಬ ಬನ್ನಿ ಎಲಿ. ಸೀದಾ ಯಂಕವ್ವನ ಹತ್ರ ಹೋಗಿ, "ಮಾವಶಿ, ಬನ್ನಿ ತಗೊಂಡು ಬಂಗಾರದಂಗ ಇರೂಣು," ಅಂತ ಕಾಲಿಗೆ ಬಗ್ಗಿದ್ಲು. ಸಣ್ಣವರು ಹಿರ್ಯಾರಿಗೆ ಮಾಡೂ ರೀತಿನ ಅದು.

ಯಂಕವ್ವ ಕೆಂಡಾ ತುಳದಾಕಿಯಂಗ ಹಿಂದ ಸರದು ಗ್ವಾಡಿಗೆ ಆನಿಕೊಂಡ್ಲು. "ಬ್ಯಾಡ್ರಿ ಸಣ್ಣ ಬಾಯಾರ, ಬ್ಯಾಡ್ರಿ. ನಮ್ಮನ್ನ ಮುಟ್ಟಬಾರದ್ರಿ ನೀವು, ಪಾಪ ಬರ್ತೈತ್ರಿ," ಅಂದ್ಲು. ಅಂದು, ಎರಡೂ ಕೈಲೆ ಸೆರಗು ಒಡ್ಡಿ, "ಇದ್ರಾಗ ಹಾಕ್ರಿ," ಅಂತ ತಲಿ ಬಗ್ಗಿಸಿ ನಿಂತ್ಲು.

ಸುಲಭಾ ಬಗ್ಗಿದಾಕಿ ಹಂಗ ಮ್ಯಾಲೆದ್ಲು. ಒಮ್ಮೆ ಯಂಕವ್ವನ್ನ ನೋಡಿದ್ಲು, ಒಮ್ಮೆ ಶೇವಂತಿನ್ನ ನೋಡಿದ್ಲು. ಆಮ್ಯಾಲೆ ಬನ್ನಿ ಎಲಿ ಮ್ಯಾಲಿಂದ ಸೆರಗಿನ್ಯಾಗ ಬಿಟ್ಲು, ಬಟ್ಟಿಗೆ ಕೈ ತಾಗದಂಗ. ಹೆಂಗ ಬಿಡಬೇಕಂತ ಅಕಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಬರ್ತೇನಿ," ಅಂದು ಹೊಂಟ್ಲು. ಹಣ್ಣು ತಾಟಿನ್ಯಾಗ ಉಳದವು.

ಯಂಕವ್ವಗ ಸಂತೋಷ ಹಿಡಸಲಾರದಷ್ಟು ಆಗಿತ್ತು. "ಎಂಥಾ ಗುಣದ ಹುಡುಗಿ ಬೇ! ನಮ್ಮಂಥಾವರ ಮನಿತನಾ ಬಂದ್ಲಲ್ಲ. ನಾ ಏನೂ ತಪ್ಪ ಮಾಡಲಿಲ್ಲಲ್ಲ?"

ಶೇವಂತಿಗೆ ಸಿಟ್ಟು ನೆತ್ತಿಗೇರಿತ್ತು. ಆದ್ರ ಬೈದರ ಏನಂತ ಬೈಬೇಕು? ಮರ್ಯಾದಿ ಕೊಟ್ಟಿ ಅಂತ ಬೈಬೇಕೇನು?

"ಇಲ್ಲವ್ವ," ಅಂದ್ಲು. "ಎಲ್ಲಾ ಛಲೋ ಆತು."

ದೀಪಾವಳಿ ಮುಗದು ಸಾಲಿ ಶುರುವಾತು. ಸುಲಭಾ ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ, ಅದನ್ನ ಹೇಳಲಿಕ್ಕೇಬೇಕು. ಅದ ಬೆಂಚಿನ ಮ್ಯಾಲೆ ಕುಂತ್ಲು, ನಕ್ಕೋತ ಮಾತಾಡಿದ್ಲು. ಪೆನ್ಸಿಲ್ ಕೇಳಿದ್ರ ಮಾತ್ರ ಕೈಯಾಗ ಕೊಡದ ನಡುವ ಬೆಂಚಿನ ಮ್ಯಾಲೆ ಇಟ್ಲು. ಮಧ್ಯಾಹ್ನ ನೀರಡಿಕಿ ಇಲ್ಲ ಅಂದ್ಲು. ಸಂಜಿಗೆ ಮನಿಗೆ ಹೊಂಟಾಗ ಪುಸ್ತಕಾನೆಲ್ಲಾ ಎರಡೂ ಕೈಲೆ ಎದಿಗೆ ಅವಚಿ ಹಿಡದಿದ್ಲು, ಒಂದ ಬೆರಳೂ ಖಾಲಿ ಇರಲಿಲ್ಲ. ಇದಕ್ಕ ಜಗಳಾರ ಹೆಂಗ ತಗೀಬೇಕು? ಯಾಕ ಅಂತ ಕೇಳಿದ್ರ, ಏನು ಯಾಕ ಅಂತಾಳ. ಎಂಟು ದಿನಾ ಕಳದ ಮ್ಯಾಲೆ, ಹಿಂದಿನಿಂದ ಫಳಿ ಕಾಣಸೂದಿಲ್ಲ ಅಂತ ಬಾಯಾರಿಗೆ ಹೇಳಿ ಸುಲಭಾ ಮುಂದಿನ ಬೆಂಚಿಗೆ ಹೋದ್ಲು. ಶೇವಂತಿ ಮುಂದ ಮ್ಯಾಟ್ರಿಕ್ ಪಾಸಾದ್ಲು, ಸರಕಾರಿ ನೌಕರಿ ಹಿಡದ್ಲು. ಆದ್ರ ಯಾರಿಗೂ ಮನಿಗೆ ಬಾ ಅನ್ನಲಿಲ್ಲ, ಯಾರ ಮನಿಗೂ ತಾನಾಗಿ ಹೋಗಲಿಲ್ಲ.

ಆ ಎಂಟನೇ ಇಯತ್ತೆ ವರ್ಷದ ಸಂಕ್ರಾಂತಿದೊಂದು ಮಾತು ಹೇಳಿಬಿಡ್ತೇನಿ. ಯಂಕವ್ವ ಒಲಿ ಮುಂದ ಕುಂತು, ಎಳ್ಳಿಗೆ ಸಕ್ಕರಿ ಪಾಕಾ ಹನಿಹನಿ ಬಿಟ್ಟು ಕೈಲೆ ಆಡಿಸಿ, ಬೆರಳ ತುದಿ ಸುಟಗೊಂಡು ಕುಸುರೆಳ್ಳು ಮಾಡಿದ್ಲು. ಛಲೋದನ್ನೆಲ್ಲಾ ಆರಿಸಿ ಕಾಗದದ ಪುಡಕಿ ಕಟ್ಟಿ, "ಸುಲಭಾಬಾಯಾರಿಗೆ ಕೊಡು, ಹಬ್ಬದ ಎಳ್ಳಿಗೆ ಯಾರೂ ಒಲ್ಲೆ ಅನ್ನೂದಿಲ್ಲ," ಅಂತ ಮಗಳ ಕೈಯಾಗ ಇಟ್ಲು. ಶೇವಂತಿ ಅದನ್ನ ಸಾಲಿಗೆ ಒಯ್ದ್ಲು. ಮಧ್ಯಾಹ್ನ ಸಾಲಿ ಹಿತ್ತಲದಾಗ ಒಬ್ಬಾಕಿನ ಕುಂತು ಪೂರ್ತಿ ತಿಂದ್ಲು.

ಸಂಜಿಗೆ ಯಂಕವ್ವ ಬಾಗಲದಾಗ ಕಾಯಕೋತ ನಿಂತಿದ್ಲು.

"ಕೊಟ್ಟಿಯೇನವ್ವ?"

"ಕೊಟ್ಟೆ."

"ತಗೊಂಡ್ಲು?"

"ಹೂಂ. ರುಚಿ ಆಗ್ಯಾವಂತ."

ಯಂಕವ್ವನ ಮಾರಿ ಅರಳಿತು. ಮಗಳ ಹತ್ರ ಬಂದು, ನೆರಮನ್ಯಾವರಿಗೆ ಕೇಳಸಬಾರದಂತ ದನಿ ಸಣ್ಣದು ಮಾಡಿ ಕೇಳಿದ್ಲು:

"ಕೊಡೂಮುಂದ ಅಕಿನ್ನ ಮುಟ್ಟಲಿಲ್ಲಲ್ಲ?"

"ಇಲ್ಲವ್ವ," ಅಂದ್ಲು ಶೇವಂತಿ. "ಮುಟ್ಟಲಿಲ್ಲ."